ಕಡಲತೀರದ ನಕ್ಷೆಗೆ ಮೊದಲ ಗೆರೆ ಎಳೆಯುವವರು ಯಾರು?

(ಉಡುಪಿಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ಕೈಬಿಟ್ಟಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಲ್ಲಿ ಕೆಲವನ್ನು ಆಯಾ ವಿಷಯ ಬಂದಲ್ಲೇ ಸೇರಿಸಿದ್ದೇನೆ.)

ಮಾನ್ಯ ಸಭಿಕರೇ,

ಕೆಲವು ವರ್ಷಗಳ ಹಿಂದೆ, ಕರಾವಳಿ ವಲಯ ನಿರ್ವಹಣಾ ಯೋಜನೆಯ ಕರಡು ನಕ್ಷೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಲೆಂದು ಕರೆದಿದ್ದ ಒಂದು ಸಭೆಗೆ ನಾನೂ ಹೋಗಿದ್ದೆ. ಯಾವ ಕಚೇರಿ, ಯಾವ ಊರು ಎಂಬುದು ಈಗ ಬೇಡ. ಸಭಾಂಗಣದ ಗೋಡೆಗೆ ಆಳೆತ್ತರದ ನಕ್ಷೆ ತೂಗುಹಾಕಿದ್ದರು. ಕಡಲಿಗೆ ನೀಲಿ, ನದಿಗೆ ತಿಳಿನೀಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹಸುರು, ಭರತದ ಗೆರೆಗೆ, ಅಂದರೆ ಉಬ್ಬರದ ನೀರು ಏರಿ ಮುಟ್ಟುವ ಗೆರೆಗೆ, ಕೆಂಪು. ಬಣ್ಣಗಳ ಅರ್ಥವನ್ನು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಒಂದು ಪಟ್ಣದ (ಮೀನುಗಾರರ ಕೇರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ) ಗುರಿಕಾರರು, ಅಂದರೆ ಊರಿನ ಮುಖಂಡರು, ಎಪ್ಪತ್ತು ದಾಟಿದವರು, ಎದ್ದು ಹೋಗಿ ಕನ್ನಡಕ ಸರಿಪಡಿಸಿಕೊಂಡು ನದಿ ಕಡಲು ಸೇರುವ ಅಳಿವೆ ಬಾಗಿಲಿನ ಮೇಲೆ ಬೆರಳಿಟ್ಟರು. ಆ ಬೆರಳನ್ನು ನಿಧಾನವಾಗಿ ತೀರದ ಉದ್ದಕ್ಕೂ ಸರಿಸುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ, ‘ಉಂದೆಟ್ ಎಂಕ್ಲೆನ ದೋಣಿ ದೀಪಿನ ಜಾಗೆ ಓಲುಂಡು?’ ಎಂದು ಕೇಳಿದರು. ಇದರಲ್ಲಿ ನಾವು ದೋಣಿ ಇಡುವ ಜಾಗ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಅಧಿಕಾರಿಗಳು ಬಹಳ ಮರ್ಯಾದೆಯಿಂದಲೇ, ‘ಇಷ್ಟು ಸಣ್ಣ ಸ್ಕೇಲಿನ ನಕ್ಷೆಯಲ್ಲಿ ಅದೆಲ್ಲ ಕಾಣುವುದಿಲ್ಲ ಯಜಮಾನ್ರೇ’ ಎಂದರು. ಆ ಜಾಗದಿಂದ ಅರ್ಧ ಕಿಲೋಮೀಟರ್ ಆಚೆಗಿದ್ದ ಒಂದು ರೆಸಾರ್ಟಿನ ಕಟ್ಟಡಗಳು ಮಾತ್ರ ಅದೇ ನಕ್ಷೆಯಲ್ಲಿ ಚೌಕಚೌಕವಾಗಿ ಕಾಣುತ್ತಿದ್ದವು. ಉಪಗ್ರಹ ಚಿತ್ರ ತೆಗೆದ ಹೊತ್ತಿಗೆ ದೋಣಿಗಳೆಲ್ಲ ಕಡಲಿನಲ್ಲಿದ್ದಿರಬೇಕು, ಪಾಪ, ರೆಸಾರ್ಟಿಗೆ ಮೀನು ಹಿಡಿಯಲು ಹೋಗುವ ಅಭ್ಯಾಸವಿಲ್ಲ.

ಗುರಿಕಾರರು ಮರಳಿ ಬಂದು ಕುಳಿತರು. ಹಾಜರಿ ಪುಸ್ತಕ ಬಂದಾಗ ಸಹಿ ಹಾಕಿದರು, ಚಹಾ ಕುಡಿದರು, ಬಸ್ಸು ಹಿಡಿದು ಮನೆಗೆ ಹೋದರು. ವರದಿಯಲ್ಲಿ ಆ ಸಹಿಗಳ ಲೆಕ್ಕದ ಮೇಲೆ, ಸ್ಥಳೀಯ ಸಮುದಾಯದೊಂದಿಗೆ ಸಮಾಲೋಚನೆ ನಡೆಸಲಾಗಿದೆ ಎಂಬ ಒಂದು ಸಾಲು ಸೇರಿಕೊಂಡಿತು. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ ಸಂಗತಿ. ಜನರನ್ನು ಕರೆದಿದ್ದರು, ಕೇಳಿದ್ದರು, ಬರೆದುಕೊಂಡಿದ್ದರು. ಆದರೆ ಗೆರೆಗಳನ್ನೆಲ್ಲ ಎಳೆದು ಮುಗಿಸಿದ ಮೇಲೆ ಕೇಳಿದ್ದರು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಕಡಲತೀರದ ನಿರ್ವಹಣೆಯಲ್ಲಿ ಸ್ಥಳೀಯರ ಪಾಲು ಎಂದರೆ ಮೊದಲ ಗೆರೆ ಎಳೆಯುವಾಗ ಅವರ ಬೆರಳು ನಕ್ಷೆಯ ಮೇಲೆ ಇರಬೇಕು. ಕೊನೆಗೆ ಸಹಿ ಪಡೆಯುವುದನ್ನು ಆ ಹೆಸರಿನಿಂದ ಕರೆಯಲಾಗದು.

ಹಾಗೆ ಕೇಳುವುದಕ್ಕೆ ಕಾನೂನಿನ ಆಧಾರವಿದೆಯೇ ಎಂಬ ಪ್ರಶ್ನೆ ಸಹಜ. ಇದೆ, ಮತ್ತು ಅದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ಎಂಬ ಮೂರಕ್ಷರ ನಮ್ಮ ಊರುಗಳಲ್ಲಿ ಮನೆ ಕಟ್ಟಲು ಅಡ್ಡಿಯಾಗುವ ಪೀಡೆಯ ಹೆಸರಾಗಿಯೇ ಪ್ರಚಾರದಲ್ಲಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರಕಾರ ಮೊದಲ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯನ್ನು ಹೊರಡಿಸಿದ್ದು 1991ರ ಫೆಬ್ರವರಿಯಲ್ಲಿ. ಭರತದ ಗೆರೆಯಿಂದ 500 ಮೀಟರ್ ಒಳಗಿನ ನೆಲ ಅದರ ವ್ಯಾಪ್ತಿಗೆ ಬಂತು, ಹಳ್ಳಿಗಳ ಕಡೆ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲವೆಂದಾಯಿತು. ಆ ಅಧಿಸೂಚನೆ ನೂರಾರು ವರ್ಷಗಳಿಂದ ಮರಳಿನ ಮೇಲೆಯೇ ಬದುಕಿದವರನ್ನೂ, ನಿನ್ನೆ ಜಾಗ ಕೊಂಡವರನ್ನೂ ಒಂದೇ ಅಳತೆಗೋಲಿನಿಂದ ಅಳೆದದ್ದರಿಂದ, ಮಗನ ಮದುವೆಯಾದಾಗ ಒಂದು ಕೋಣೆ ಕೂಡಿಸಲೂ ಮೀನುಗಾರರು ಕಚೇರಿ ಕಚೇರಿ ಅಲೆಯುವಂತಾಯಿತು. ಆ ಸಿಟ್ಟು ಇಂದಿಗೂ ಆರಿಲ್ಲ. ಕಡಲನ್ನು ಕಾಯುವ ಕಾನೂನೆಂದರೆ ತಮ್ಮ ವಿರುದ್ಧದ ಕಾನೂನು ಎಂದು ಅವರು ಭಾವಿಸಿದ್ದರೆ ಅದಕ್ಕೆ ಕಾರಣಗಳಿವೆ.

2011ರ ಜನವರಿಯ ಅಧಿಸೂಚನೆ ಈ ತಪ್ಪನ್ನು ಸ್ವಲ್ಪಮಟ್ಟಿಗೆ ತಿದ್ದಿತು. ಮೀನುಗಾರರ ಹಳ್ಳಿಗಳು, ಅವರ ಸಮುದಾಯದ ಸಾಮಾನ್ಯ ಆಸ್ತಿಗಳು, ಜೆಟ್ಟಿಗಳು, ಮಂಜುಗಡ್ಡೆಯ ಕಾರ್ಖಾನೆಗಳು, ಮೀನು ಒಣಗಿಸುವ ಜಾಗಗಳು, ಶಾಲೆ, ಔಷಧಾಲಯ, ರಸ್ತೆ ಇವೆಲ್ಲವನ್ನೂ ಸರ್ವೆ ನಂಬರು ಕಾಣುವಷ್ಟು ದೊಡ್ಡ ಅಳತೆಯ ನಕ್ಷೆಯಲ್ಲಿ ಗುರುತಿಸಬೇಕೆಂದು ಅದರಲ್ಲಿ ಬರೆದಿದೆ. ಮೀನುಗಾರ ಸಮುದಾಯಗಳ ಮುಂದಿನ ದಿನಗಳ ವಸತಿ ಅಗತ್ಯಕ್ಕೆ ದೀರ್ಘಾವಧಿಯ ಯೋಜನೆ ಮಾಡಬೇಕೆಂದೂ ಇದೆ. ಅಂದರೆ ನಮ್ಮ ಗುರಿಕಾರರು ಕೇಳಿದ ಪ್ರಶ್ನೆ ಮುಗ್ಧ ಪ್ರಶ್ನೆಯಾಗಿರಲಿಲ್ಲ, ಅಧಿಸೂಚನೆಯ ಮಾತನ್ನೇ ಅವರು ತುಳುವಿನಲ್ಲಿ ಕೇಳಿದ್ದರು. ಇನ್ನೊಂದು ಅಂಶ: ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರಬೇಕು, ಅದರಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ಈ ವಿಧಿ 2019ರ ಅಧಿಸೂಚನೆಯಲ್ಲೂ ಉಳಿದಿದೆ. ಈ ಸಭೆಯಲ್ಲಿ ಇರುವ ಎಷ್ಟು ಮಂದಿಗೆ ನಮ್ಮ ಜಿಲ್ಲೆಯ ಆ ಮೂವರ ಹೆಸರು ಗೊತ್ತು ಎಂದು ನಾನು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

2019ರ ಅಧಿಸೂಚನೆ ಹಲವು ಕಡೆ ಕಟ್ಟುಗಳನ್ನು ಸಡಿಲಿಸಿತು. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆ ಇರುವ ಗ್ರಾಮೀಣ ಪ್ರದೇಶಗಳಲ್ಲಿ ಕಟ್ಟಡ ನಿಷೇಧದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಕಡಲ ಬದಿಯಲ್ಲಿ ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು, ಶೌಚಾಲಯ ಮುಂತಾದವುಗಳನ್ನು ಭರತದ ಗೆರೆಯಿಂದ 10 ಮೀಟರ್ ಬಿಟ್ಟು ಹಾಕಬಹುದೆಂದಾಯಿತು. ಇದರಿಂದ ಮೀನುಗಾರನಿಗೆ ಮನೆ ಕಟ್ಟಲು ಅನುಕೂಲವಾಯಿತು ಎನ್ನುವುದು ನಿಜ. ಅವನ ಪಕ್ಕದ ಜಾಗಕ್ಕೆ ಬೆಲೆ ಬಂದು, ಅವನ ದೋಣಿ ಎಳೆಯುವ ದಾರಿಗೆ ಬೇಲಿ ಬೀಳುವ ಅನುಕೂಲವೂ ಅದರ ಜೊತೆಗೇ ಆಯಿತು. ಈ ಎರಡರ ನಡುವೆ ತೂಗಿ ನೋಡುವ ಕೆಲಸ ಆಯಾ ಪಟ್ಣದಲ್ಲಿ ಕುಳಿತು ಮಾಡಬೇಕಾದದ್ದು. ದೆಹಲಿಯಲ್ಲಿ ಕುಳಿತವರಿಗೆ 50 ಮೀಟರ್ ಎಂಬುದು ಒಂದು ಸಂಖ್ಯೆ. ಮರವಂತೆಯಲ್ಲಿ, ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವಲ್ಲಿ, 50 ಮೀಟರನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ? ಕೋಡಿಬೆಂಗ್ರೆಯಲ್ಲಿ, ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವ ಆ ಸಪೂರ ನೆಲದಲ್ಲಿ, ಕಡಲಿನಿಂದ ಹಿಂದೆ ಸರಿದರೆ ನದಿಗೆ ಬೀಳಬೇಕು.

ಈಗ ಮರಳಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಜನರ ತಿಳಿವಳಿಕೆ ಎಂದು ನಾನು ಹೇಳುವಾಗ ಏನನ್ನು ಸೂಚಿಸುತ್ತಿದ್ದೇನೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ನಮ್ಮ ತೀರ ನಿಂತ ನೆಲವಲ್ಲ. ಮಳೆಗಾಲದ ಎತ್ತರದ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನ ಅಡಿಯಲ್ಲಿ ದಿಬ್ಬವಾಗಿ ಇಡುತ್ತವೆ. ಮಳೆ ಕಳೆದು, ಅಲೆಗಳು ಉದ್ದವೂ ಮೆತ್ತಗೂ ಆದಾಗ, ಅದೇ ಮರಳು ಸ್ವಲ್ಪ ಸ್ವಲ್ಪವೇ ಮರಳಿ ದಡಕ್ಕೆ ಬರುತ್ತದೆ. ಇದಲ್ಲದೆ ಅಲೆಗಳು ಓರೆಯಾಗಿ ಬಡಿಯುವುದರಿಂದ ತೀರದ ಉದ್ದಕ್ಕೂ ಮರಳಿನ ಇನ್ನೊಂದು ಪ್ರಯಾಣ ನಡೆಯುತ್ತಿರುತ್ತದೆ. ನದಿಗಳು ಘಟ್ಟದಿಂದ ಹೊತ್ತು ತರುವ ಮರಳು ಈ ಲೆಕ್ಕಕ್ಕೆ ಜಮೆ. ಅಣೆಕಟ್ಟು, ಕಿಂಡಿ ಅಣೆಕಟ್ಟು ಮತ್ತು ನದಿಯೊಳಗಿನ ಮರಳುಗಾರಿಕೆ ಖರ್ಚು. ಜಮೆ ಕಡಿಮೆಯಾಗಿ ಖರ್ಚು ಹೆಚ್ಚಾದಲ್ಲಿ ಕಡಲ್ಕೊರೆತ ಆಗಿಯೇ ಆಗುತ್ತದೆ. ಜೂನ್ ತಿಂಗಳಲ್ಲಿ ದಡ ಎಲ್ಲಿಯವರೆಗೆ ಬರುತ್ತದೆ, ಯಾವ ವರ್ಷ ಎಷ್ಟು ಬಂದಿತ್ತು, ಸೆಪ್ಟೆಂಬರಿನಲ್ಲಿ ಎಷ್ಟು ಮರಳಿ ಕೊಟ್ಟಿತು ಎಂಬುದನ್ನು ಪಟ್ಣದವರು ತಮ್ಮ ಮನೆಯ ತೆಂಗಿನ ಮರಗಳ ಸಾಲಿನಿಂದ ಹೇಳುತ್ತಾರೆ. ‘ಅಪ್ಪನ ಕಾಲದಲ್ಲಿ ಇದರ ಮುಂದೆ ಇನ್ನೂ ನಾಲ್ಕು ಸಾಲು ಇತ್ತು’ ಎಂಬ ಮಾತು ಒಂದು ಅಳತೆ. ಒಂದೇ ಜನವರಿಯಲ್ಲಿ ಉಪಕರಣ ಹಿಡಿದು ಬಂದ ತಂಡಕ್ಕೆ ಆ ಅಳತೆ ಸಿಗುವುದಿಲ್ಲ.

ಮಂಗಳೂರಿನ ಅಳಿವೆಯನ್ನೇ ನೋಡಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಆ ಬಾಗಿಲಿನಲ್ಲಿ ದೋಣಿಗಳಿಗೆ ಅಪಾಯವಾಗದಿರಲೆಂದು ಎರಡೂ ಬದಿ ಕಲ್ಲಿನ ಒಡ್ಡು ಕಟ್ಟಿದರು. ಉದ್ದೇಶ ಒಳ್ಳೆಯದೇ. ಹಳೆ ಬಂದರಿನ ದಕ್ಕೆಗೆ (ಬೋಟು ನಿಲ್ಲಿಸುವ ಕಟ್ಟೆಗೆ) ಹೋಗುವ ಬೋಟುಗಳು ಅಳಿವೆಯಲ್ಲಿ ಮಗುಚಿ ಜೀವ ಹೋದ ನೆನಪು ಇಲ್ಲಿ ಹಲವರಿಗೆ ಇದೆ. ಆದರೆ ಬೆಂಗರೆಯ ಬದಿಯಲ್ಲಿ ಮರಳು ತುಂಬುತ್ತಾ ಬಂತು, ಉಳ್ಳಾಲದ ಬದಿಯಲ್ಲಿ ಮನೆಗಳು ಕಡಲು ಸೇರತೊಡಗಿದವು. ಮತ್ತೆ ಆ ಮನೆಗಳನ್ನು ಉಳಿಸಲು ಪ್ರತಿ ಮಳೆಗಾಲ ಲಾರಿ ಲಾರಿ ಕಗ್ಗಲ್ಲು ತಂದು ಸುರಿದರು. ಕಲ್ಲು ಹಾಕಿದಲ್ಲಿ ಕೊರೆತ ನಿಂತರೆ ಗೋಡೆ ಮುಗಿದಲ್ಲಿಂದ ಮುಂದಿನ ಮನೆಗೆ ಶುರುವಾಯಿತು. ಕೊನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಕಡಲೊಳಗೆ ಅಲೆಯ ರಭಸ ತಗ್ಗಿಸುವ ಕೃತಕ ರೀಫ್‌ಗಳನ್ನು ಹಾಕುವ, ಒಡ್ಡುಗಳನ್ನು ಸರಿಪಡಿಸುವ ದೊಡ್ಡ ಕಾಮಗಾರಿ ಬಂತು. ಅದರ ತಾಂತ್ರಿಕ ಗುಣಾವಗುಣ ಇಂದಿನ ವಿಷಯವಲ್ಲ. ಮೊದಲ ಒಡ್ಡಿನ ಮೊದಲ ಕಲ್ಲು ಬೀಳುವ ಮುಂಚೆ ಬೆಂಗರೆಯವರನ್ನೂ ಉಳ್ಳಾಲದ ಕೋಟೆಪುರ, ಮೊಗವೀರಪಟ್ಣದವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮರಳಿನ ಓಡಾಟವನ್ನು ಕೇಳಿದ್ದರೆ, ಆಮೇಲಿನ ಖರ್ಚಿನಲ್ಲಿ ಒಂದು ಪಾಲಾದರೂ ಉಳಿಯುತ್ತಿತ್ತು ಎಂಬುದು ನನ್ನ ಅಂದಾಜು. ಅಂದಾಜು ಎಂದೇ ಹೇಳುತ್ತೇನೆ, ಲೆಕ್ಕ ಕೇಳಬೇಡಿ.

ಇಲ್ಲಿ ನನ್ನ ವಾದಕ್ಕೇ ತೊಡಕಾಗುವ ಒಂದು ಸಂಗತಿಯಿದೆ. ತಡೆಗೋಡೆ ಬೇಕೆಂದು ಹೆದ್ದಾರಿಯಲ್ಲಿ ಕುಳಿತು ಪ್ರತಿಭಟಿಸುವವರು ಸ್ಥಳೀಯರೇ. ಮನೆಯ ಹಿಂಗೋಡೆಗೆ ಅಲೆ ಬಡಿಯುತ್ತಿರುವವರ ಎದುರು ನಿಂತು ಮರಳಿನ ಜಮಾಖರ್ಚಿನ ಪಾಠ ಹೇಳುವ ಧೈರ್ಯ ನನಗಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅದೇ ಗೋಡೆ ಬಂದ ಮೇಲೆ ಏನಾಗುತ್ತದೆ ನೋಡಿ. ನಾಡದೋಣಿಯನ್ನು ಅಲೆಯ ಹಿಂದೆಯೇ ಮರಳಿಗೆ ತಂದು, ಹತ್ತು ಹನ್ನೆರಡು ಮಂದಿ ಎರಡೂ ಬದಿ ಹೆಗಲು ಕೊಟ್ಟು, ಗಾಳಿಮರದ ನೆರಳಿನವರೆಗೆ ತಳ್ಳಬೇಕು. ಅದಕ್ಕೆ ಇಳಿಜಾರಾದ ಮರಳು ಬೇಕು. ಕೈರಂಪಣಿಯವರು ಬಲೆಯ ಎರಡು ತುದಿಗಳನ್ನು ಹಿಡಿದು ದಡದಿಂದಲೇ ಎಳೆಯುವವರು, ಅವರ ಕಾಲಿಗೆ ಮರಳೇ ಬೇಕು, ಕಗ್ಗಲ್ಲಿನ ಮೇಲೆ ನಿಂತು ಬಲೆ ಎಳೆಯಲಾಗದು. ಗೋಡೆ ಮನೆಯನ್ನು ಉಳಿಸಿತು, ಮನೆಯ ಅನ್ನವನ್ನು ತೆಗೆದುಕೊಂಡಿತು. ಹಾಗಾಗಿ ಗೋಡೆ ಬೇಕೋ ಬೇಡವೋ ಎಂದು ಕೇಳುವ ಬದಲು ಎಲ್ಲಿ ಗೋಡೆ, ಎಲ್ಲಿ ದೋಣಿಗೆ ಬಾಗಿಲು, ಎಲ್ಲಿ ಮುಂಡುಗ ಮತ್ತು ಮರಳಬಳ್ಳಿ ಹಬ್ಬಿಸಿ ದಿಬ್ಬವನ್ನು ಗಟ್ಟಿಮಾಡುವುದು ಎಂದು ನೂರು ನೂರು ಮೀಟರ್ ಲೆಕ್ಕದಲ್ಲಿ ಮಾತಾಡಬೇಕು. ಜೂನ್ ತಿಂಗಳ ಗಡಿಬಿಡಿಯಲ್ಲಿ ಆ ಮಾತು ಆಗುವುದಿಲ್ಲ. ಜನವರಿಯಲ್ಲಿ ಆಗಬೇಕು, ಆದರೆ ಜನವರಿಯಲ್ಲಿ ಕಡಲು ಎಷ್ಟು ಸಭ್ಯವಾಗಿರುತ್ತದೆ ಎಂದರೆ ಯಾರಿಗೂ ಸಭೆ ಕರೆಯುವ ನೆನಪಾಗುವುದಿಲ್ಲ.

ನಮ್ಮವರಿಗೆ ತೀರವನ್ನು ತಾವೇ ಆಳಿಕೊಳ್ಳುವ ಅಭ್ಯಾಸ ಹೊಸದಲ್ಲ. ರಂಪಣಿಯ ಕಾಲವನ್ನು ಕಂಡವರು ಈ ಸಭೆಯಲ್ಲಿ ಒಬ್ಬಿಬ್ಬರಾದರೂ ಇರಬಹುದು. ದಡದಿಂದ ಹೊರಟು ಕಡಲನ್ನು ಬಳಸಿ ಮತ್ತೆ ದಡಕ್ಕೆ ಬರುವ ಆ ದೊಡ್ಡ ಬಲೆಯನ್ನು ಎಳೆಯಲು ಹಲವು ಹತ್ತು ಮಂದಿ ಬೇಕಿತ್ತು, ಅವರೆಲ್ಲ ಸೇರಿದ ಕೂಟಕ್ಕೆ ರಂಪಣಿ ಕಂಪನಿ ಎನ್ನುತ್ತಿದ್ದರು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವರಿಗೆ ಪಾಲು ಎಂದು ಹಿಡಿದ ಬೂತಾಯಿ, ಬಂಗುಡೆ ಹಂಚಿಹೋಗುತ್ತಿತ್ತು. ಒಂದು ಕಂಪನಿಯ ಎದುರು ಇನ್ನೊಂದು ಬಲೆ ಬಿಡುವಂತಿರಲಿಲ್ಲ, ತಂಟೆ ಬಂದರೆ ಗ್ರಾಮಸಭೆಯಲ್ಲಿ ಗುರಿಕಾರರ ಮುಂದೆ ತೀರ್ಮಾನವಾಗುತ್ತಿತ್ತು. ಮಳೆಗಾಲದಲ್ಲಿ ಕಡಲಿಗೆ ಇಳಿಯದೆ, ನೂಲ ಹುಣ್ಣಿಮೆಯಂದು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿ ಮೀನುಗಾರಿಕೆಗೆ ಹೊರಡುವ ಪದ್ಧತಿ ಇಂದಿಗೂ ಉಳಿದಿದೆ. ಸರಕಾರ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸುತ್ತದೆ. ಹಲವು ಜಾತಿಯ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಅದೇ ಅವಧಿಯಲ್ಲಿ ನಾಡದೋಣಿಯವರು ತೂಫಾನ್ ಎದ್ದು ಕಡಲು ಕಲಕಲಿ ಎಂದು ಕಾಯುತ್ತಿರುತ್ತಾರೆ. ಕಲಕಿದ ಮೇಲೆ ತೀರದ ಹತ್ತಿರ ಸಿಗುವ ಸಿಗಡಿಯಲ್ಲಿ ಅವರ ಎರಡು ತಿಂಗಳ ಸಂಸಾರ ನಡೆಯಬೇಕು.

ಆದರೆ ಆ ಹಳೆಯ ವ್ಯವಸ್ಥೆಯನ್ನು ಹೊಗಳುತ್ತಾ ಕೂರಲು ನಾನು ತಯಾರಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದಾಗ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿತ್ತು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದರೆ ದಡದಲ್ಲಿ ಕಾದವನಿಗೆ ಏನು ಸಿಗುತ್ತದೆ? ಆಗ ನಡೆದ ಜಗಳಗಳಲ್ಲಿ ಎರಡೂ ಕಡೆಯವರು ಮೀನುಗಾರರೇ, ಎಷ್ಟೋ ಕಡೆ ಒಂದೇ ಸಮುದಾಯದವರು. ಇಂದು ಕೂಡ ಹಾಗೆಯೇ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲನ್ನೂ (ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವುದನ್ನೂ) ನಿಷೇಧಿಸಿತು. ನಿಷೇಧ ಜಾರಿಯಾಗಲಿ ಎಂದು ನಾಡದೋಣಿಯವರು ಮನವಿ ಕೊಡುತ್ತಲೇ ಇದ್ದಾರೆ. ಮಲ್ಪೆಯ ದಕ್ಕೆಯಲ್ಲಿ ಬೆಳಗ್ಗೆ ನಿಂತರೆ ಬೋಟಿನ ಮಾಲಕರು, ಸಾಲದಲ್ಲಿರುವ ಪಾಲುದಾರರು, ಬೋಟು ನಡೆಸುವ ತಾಂಡೇಲರು, ಬೇರೆ ರಾಜ್ಯಗಳಿಂದ ಬಂದ ಕಲಾಸಿಗಳು (ಬೋಟಿನ ಕೆಲಸದವರು), ಐಸ್ ಹೊರುವವರು, ಏಲಂ ಕೂಗುವವರು, ಬುಟ್ಟಿ ಹಿಡಿದ ಮಹಿಳೆಯರು, ಫಿಶ್‌ಮಿಲ್ಲಿಗೆ ಮರಿಮೀನು ತುಂಬುವ ಲಾರಿಯವರು ಎಲ್ಲರೂ ಕಾಣಸಿಗುತ್ತಾರೆ. ಇವರಲ್ಲಿ ಯಾರು ಸ್ಥಳೀಯ ಸಮುದಾಯ? ಸಮಿತಿಯ ಮೂರು ಕುರ್ಚಿಗಳಲ್ಲಿ ಮೂವರು ದೊಡ್ಡ ಬೋಟಿನ ಮಾಲಕರನ್ನು ಕೂರಿಸಿದರೂ ಕಾನೂನಿನ ಅಕ್ಷರ ಪೂರೈಸುತ್ತದೆ. ನಾನು ಕಂಡ ಕೆಲವು ಸಮಿತಿಗಳಲ್ಲಿ ಅದೇ ಆಗಿದೆ. ಹಾಗಾಗಿ ಸಮುದಾಯ ಎಂಬ ಪದವನ್ನು ಬಳಸುವಾಗಲೆಲ್ಲ, ಅದರೊಳಗಿನ ಯಾರು ಎಂದು ಮತ್ತೆ ಕೇಳಬೇಕಾಗುತ್ತದೆ.

ಆ ಪದದ ದುರುಪಯೋಗವನ್ನು ಮರಳುಗಾರಿಕೆಯಲ್ಲಿ ನೋಡಬಹುದು. ಅಳಿವೆಗಳಲ್ಲಿ ದೋಣಿ ಓಡಾಟಕ್ಕೆ ಅಡ್ಡಿಯಾಗುವ ಮರಳ ದಿಬ್ಬಗಳನ್ನು ಸಾಂಪ್ರದಾಯಿಕ ಸಮುದಾಯದವರು ಯಂತ್ರವಿಲ್ಲದೆ, ಕೈಯಿಂದ ತೆಗೆಯಬಹುದೆಂದು ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಅವಕಾಶ ಕೊಟ್ಟಿತು. ದಿಬ್ಬ ಎಲ್ಲಿದೆ ಎಂದು ಗುರುತಿಸಲು ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ, ಅದರಲ್ಲಿ ವಿಜ್ಞಾನಿಗಳು, ಮೀನುಗಾರರು, ನಾಗರಿಕರು. ಕಾಗದದಲ್ಲಿ ಇದಕ್ಕಿಂತ ಚೆನ್ನಾದ ಸಹಭಾಗಿತ್ವದ ಮಾದರಿ ಸಿಗದು. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳ ನದಿಗಳಲ್ಲಿ ಪರವಾನಗಿಗಳು ಸ್ಥಳೀಯರ ಹೆಸರಿನಲ್ಲಿ ಬಂದವು. ನೀರಿಗೆ ಮುಳುಗಿ ಮರಳು ಎತ್ತುತ್ತಿದ್ದವರಲ್ಲಿ ಬಹುಮಂದಿ ಉತ್ತರ ಭಾರತದಿಂದ ಬಂದ ಕೂಲಿಗಳು, ಲಾಭ ಹೋದದ್ದು ಲಾರಿ ಇದ್ದವರಿಗೆ. ಮರಳು ತೆಗೆದ ಜಾಗದಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದವರಿಗೆ ಮರುವಾಯಿ ಸಿಗದಾಯಿತು. ಅವರನ್ನು ಯಾವ ಸಮಿತಿಯೂ ಕರೆದಿರಲಿಲ್ಲ, ಯಾಕೆಂದರೆ ಮರುವಾಯಿ ಹೆಕ್ಕುವುದು ಯಾರ ದಾಖಲೆಯಲ್ಲೂ ಒಂದು ಉದ್ಯೋಗವಾಗಿ ಇರಲಿಲ್ಲ.

ಮರುವಾಯಿಯ ಮಾತು ಬಂದದ್ದರಿಂದ, ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಕಾಯಲಿನ (ಹಿನ್ನೀರಿನ) ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ಚಿಪ್ಪುಮೀನಿಗೆ ವಿದೇಶದ ಬೇಡಿಕೆ ಬಂದ ಮೇಲೆ ಎಲ್ಲರೂ ನುಗ್ಗಿ ಹೆಕ್ಕಿದರು. 1990ರ ದಶಕದ ಆರಂಭದಲ್ಲಿ ಇಳುವರಿ ಕುಸಿಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೊಟ್ಟೆ ಇಡುವ ಕಾಲವನ್ನು ಲೆಕ್ಕಹಾಕಿ ಹೇಳಿದರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೆಕ್ಕಬಾರದು, ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣದಿರಬಾರದು ಎಂಬ ಕಟ್ಟುಪಾಡುಗಳನ್ನು ಹೆಕ್ಕುವವರೇ ಒಪ್ಪಿ ತಮ್ಮೊಳಗೆ ಜಾರಿಗೆ ತಂದರು. ಮುಂದೆ ಮೀನುಗಾರರು, ಸಂಸ್ಕರಣೆ ಮಾಡುವವರು, ವಿಜ್ಞಾನಿಗಳು, ಇಲಾಖೆಯವರು ಒಟ್ಟಿಗೆ ಕೂರುವ ಆಡಳಿತ ಮಂಡಳಿಯೂ ಬಂತು. 2014ರಲ್ಲಿ ಅಂತಾರಾಷ್ಟ್ರೀಯ ಸುಸ್ಥಿರ ಮೀನುಗಾರಿಕೆಯ ಎಂ.ಎಸ್.ಸಿ. (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರ ಅದಕ್ಕೆ ದೊರೆಯಿತು, ಭಾರತದಲ್ಲಿ ಅದು ಮೊದಲನೆಯದು. ವಿಜ್ಞಾನಿಗಳಿಗೆ ಜೀವಿಯ ಲೆಕ್ಕ ಗೊತ್ತಿತ್ತು, ಹೆಕ್ಕುವವರಿಗೆ ಯಾವ ಮನೆಯವನು ಕಟ್ಟುಪಾಡು ಮುರಿಯುತ್ತಾನೆ ಎಂಬುದು ಗೊತ್ತಿತ್ತು. ಅಲ್ಲಿ ಎರಡೂ ಒಂದೇ ಕೋಣೆಯಲ್ಲಿ ಸೇರಿದವು. ಮಂಗಳೂರಿನಲ್ಲಿ ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು ಇದೆ. ಮುಲ್ಕಿ, ಸೀತಾ-ಸುವರ್ಣಾ, ಕುಂದಾಪುರದ ಪಂಚಗಂಗಾವಳಿ, ನೇತ್ರಾವತಿ ಎಲ್ಲ ಕಡೆ ಮರುವಾಯಿಯೂ ಇದೆ. ಕೋಣೆ ಒಂದು ಬಾಕಿ.

ಹೆಂಗಸರ ವಿಷಯವನ್ನು ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎತ್ತಿದರು, ನಾನಾಗಿ ಎತ್ತಬೇಕಿತ್ತು. ನನ್ನ ಅಜ್ಜಿ ಮಳೆಗಾಲಕ್ಕೆಂದು ಏಪ್ರಿಲ್, ಮೇ ತಿಂಗಳಲ್ಲಿ ಮೀನು ಒಣಗಿಸುತ್ತಿದ್ದರು. ಬೆಳಗ್ಗೆ ಉಪ್ಪು ಹಾಕಿದ ಮೀನನ್ನು ಮರಳಿನ ಮೇಲೆ ಹಾಸಿದ ಹಳೆಯ ಬಲೆಯಲ್ಲಿ ಹರಡುವುದು, ಮಧ್ಯಾಹ್ನ ಒಮ್ಮೆ ಮಗುಚುವುದು, ಕಾಗೆ ಓಡಿಸುವುದಕ್ಕೆ ನಮ್ಮಂಥ ಮಕ್ಕಳನ್ನು ಕೂರಿಸುವುದು, ಸಂಜೆಯ ತೇವ ಬೀಳುವ ಮುಂಚೆ ಬುಟ್ಟಿಗೆ ತುಂಬುವುದು. ಮರಳು ಯಾವ ಹೊತ್ತಿಗೆ ಎಷ್ಟು ಕಾಯುತ್ತದೆ, ಯಾವ ದಿಕ್ಕಿನ ಗಾಳಿಗೆ ಮೀನು ಬೇಗ ಒಣಗುತ್ತದೆ, ಅಲೆ ಯಾವ ಹುಣ್ಣಿಮೆಗೆ ಎಲ್ಲಿಯವರೆಗೆ ಬರುತ್ತದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಆ ಜಾಗಕ್ಕೆ ಪಟ್ಟೆಯಿರಲಿಲ್ಲ, ಯಾರದೆಂದು ಕೇಳಿದರೆ ಎಲ್ಲರದು. ಇಂದು ಅಂಥ ಒಂದು ಜಾಗದಲ್ಲಿ ಪ್ರವಾಸಿಗರಿಗೆಂದು ಸಿಮೆಂಟ್ ಬೆಂಚು ಹಾಕಿ, ಒಣಮೀನಿನ ವಾಸನೆಯ ಬಗ್ಗೆ ದೂರು ಬಂದಿದೆ ಎಂಬ ಕಾರಣಕ್ಕೆ ಹೆಂಗಸರನ್ನು ಎಬ್ಬಿಸಿದ್ದನ್ನು ನಾನು ನೋಡಿದ್ದೇನೆ. 2011ರ ಅಧಿಸೂಚನೆ ಗುರುತಿಸಬೇಕೆಂದ ಪಟ್ಟಿಯಲ್ಲಿ ಮೀನು ಒಣಗಿಸುವ ಜಾಗವೂ ಇತ್ತು ಎಂಬುದನ್ನು ಆಗಲೇ ಹೇಳಿದೆ. ಗುರುತು ಹಾಕುವವರಲ್ಲಿ ಒಬ್ಬ ಮೀನುಗಾರ ಮಹಿಳೆ ಇದ್ದಿದ್ದರೆ ಆ ಜಾಗ ನಕ್ಷೆಯಲ್ಲಿ ಇರುತ್ತಿತ್ತು, ನಕ್ಷೆಯಲ್ಲಿ ಇದ್ದಿದ್ದರೆ ಬೆಂಚು ಹಾಕಲು ಬೇರೆ ಜಾಗ ಹುಡುಕುತ್ತಿದ್ದರು. ಪ್ರವಾಸೋದ್ಯಮ ಬೇಡವೆಂದು ನಾನು ಹೇಳುತ್ತಿಲ್ಲ. ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಬಂದಾಗ ನನಗೂ ಸಂತೋಷವಾಗಿತ್ತು, ತೀರ ಸ್ವಚ್ಛವಾಗಿರುವುದು ಎಲ್ಲರಿಗೂ ಬೇಕು.

ಕಡಲಾಮೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2024ರ ಮೊದಲ ತಿಂಗಳುಗಳಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಟ್ಟ ಸುದ್ದಿಯನ್ನು ನೀವು ಓದಿದ್ದೀರಿ. ಮೊಟ್ಟೆ ಒಡೆಯಲು ಸುಮಾರು 45ರಿಂದ 60 ದಿನ ಬೇಕು. ಅಷ್ಟು ದಿನ ನಾಯಿ, ನರಿ, ಮನುಷ್ಯರಿಂದ ಆ ಗುಂಡಿಯನ್ನು ಕಾಯಲು ಅರಣ್ಯ ಇಲಾಖೆಯ ಸಿಬ್ಬಂದಿ ಮಾತ್ರ ಸಾಲದು. ರಾತ್ರಿ ಬಲೆ ನೋಡಲು ಹೋಗುವವನಿಗೇ ಆಮೆಯ ಹೆಜ್ಜೆ ಮೊದಲು ಕಾಣುವುದು.

ಹಾಗಾದರೆ ಏನು ಮಾಡಬೇಕು ಎಂದು ಕೊನೆಗೆ ಹಲವರು ಕೇಳಿದರು. ಹೊಸ ಕಾನೂನು ಬೇಕೆಂದು ನನಗೆ ಅನ್ನಿಸುವುದಿಲ್ಲ. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯತುಗಳಿಗೆ ಕೊಡಬಹುದಾದ 29 ವಿಷಯಗಳಲ್ಲಿ ಮೀನುಗಾರಿಕೆಯೂ ಒಂದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಬಹಳ ಕಡೆ ಆ ದಾಖಲೆಯಲ್ಲಿ ಮರಗಿಡಗಳ ಪಟ್ಟಿ ಇರುತ್ತದೆ, ಕಡಲು ಇರುವುದಿಲ್ಲ. ಕಡಲಿಗೆ ಮುಖ ಮಾಡಿದ ಪಂಚಾಯತುಗಳು ಆ ದಾಖಲೆಯಲ್ಲೇ ದೋಣಿ ಇಡುವ ಜಾಗ, ಬಲೆ ಒಣಗಿಸುವ ಜಾಗ, ಮರುವಾಯಿಯ ದಿಬ್ಬ, ಕಾಂಡ್ಲಾ ಇರುವ ಅಂಚು, ಮೀನು ಮರಿಗಳು ಸೇರುವ ಕಡಲ್ಕಾಲುವೆ ಇವನ್ನು ಸರ್ವೆ ನಂಬರಿನೊಂದಿಗೆ ಬರೆದಿಟ್ಟರೆ, ಮುಂದಿನ ಕರಡು ನಕ್ಷೆ ಬಂದಾಗ ಎದುರಿಗಿಡಲು ಒಂದು ಕಾಗದವಾದರೂ ಇರುತ್ತದೆ. ಕಚೇರಿಯವರಿಗೆ ಬಾಯಿಮಾತಿಗಿಂತ ಕಾಗದ ಬೇಗ ಅರ್ಥವಾಗುತ್ತದೆ. ಇನ್ನೊಂದು, ಸಭೆಯ ಸಮಯ. ದೋಣಿಗಳು ದಡಕ್ಕೆ ಬರುವ ಬೆಳಗ್ಗೆ ಹನ್ನೊಂದಕ್ಕೆ, ಜಿಲ್ಲಾ ಕೇಂದ್ರದಲ್ಲಿ ಸಭೆ ಕರೆದರೆ ಬರುವವರು ನನ್ನಂಥ ನಿವೃತ್ತರು. ಬೋಟುಗಳು ದಡದಲ್ಲಿರುವ ಜೂನ್, ಜುಲೈ ತಿಂಗಳ ಸಂಜೆ, ಪಟ್ಣದ ಭಜನಾ ಮಂದಿರದ ಜಗಲಿಯಲ್ಲಿ, ನಕ್ಷೆಯನ್ನು ಕನ್ನಡದಲ್ಲಿ ಅಚ್ಚುಮಾಡಿ ನೆಲದ ಮೇಲೆ ಹಾಸಿದರೆ ಬರುವವರು ಬೇರೆ, ಆಡುವ ಮಾತೂ ಬೇರೆ.

ನಾವು ಕೆಲವರು ಸೇರಿ ಇದನ್ನು ಒಂದು ಪಟ್ಣದಲ್ಲಿ, ಯಾವ ಇಲಾಖೆಯ ಸಂಬಂಧವೂ ಇಲ್ಲದೆ, ಕಳೆದ ಮಳೆಗಾಲದಲ್ಲಿ ಮಾಡಿ ನೋಡಿದೆವು. ಗ್ರಾಮದ ಸರ್ವೆ ನಕ್ಷೆಯನ್ನು ದೊಡ್ಡದು ಮಾಡಿಸಿ, ನಾಲ್ಕು ಮೂಲೆಗೆ ತೆಂಗಿನಕಾಯಿ ಇಟ್ಟು ಹಾಸಿದ್ದೆವು. ಮೊದಲ ಅರ್ಧ ಗಂಟೆ ಗಂಡಸರು ತಮ್ಮ ತಮ್ಮ ಮನೆ ಹುಡುಕಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಒಬ್ಬರು ಅಕ್ಕ ಬಂದು, ಸೆರಗು ಕಟ್ಟಿಕೊಂಡು ನೆಲಕ್ಕೆ ಕುಳಿತು, ಬೇಲಿ ಹಾಕಿದ ಒಂದು ಪ್ಲಾಟಿನ ನಡುವೆ ಪೆನ್ಸಿಲಿನಿಂದ ಗೆರೆ ಎಳೆದರು. ಕಡಲಿಗೆ ಹೋಗುವ ದಾರಿ, ಅವರ ಅತ್ತೆಯ ಕಾಲದಿಂದ ಇದ್ದದ್ದು. ಅದು ಅಲ್ಲಿ ಅಲ್ಲ, ಇನ್ನೂ ಸ್ವಲ್ಪ ತೆಂಕು ಎಂದು ಹಿಂದಿನಿಂದ ಯಾರೋ ಕೂಗಿದರು. ರಬ್ಬರು ತರಿಸಿ ಅಳಿಸಿ ಮತ್ತೆ ಎಳೆದರು. ಆ ಸಂಜೆ ಆ ಒಂದೇ ಗೆರೆಗೆ ಒಂದೂವರೆ ಗಂಟೆ ಹಿಡಿಯಿತು, ಉಳಿದ ನಕ್ಷೆ ಇನ್ನೂ ಬಾಕಿಯಿದೆ, ಮುಂದಿನ ಜೂನಿಗೆ ಮತ್ತೆ ಹಾಸುತ್ತೇವೆ.